ಸೀರೆ ಹಿಡಿದು ಊರು ಅಳೆದವರು

ನ್ಯೂಜೆರ್ಸಿಯ ಒಳರಸ್ತೆಗಳಲ್ಲಿ ಯಾರಾದರೂ ಕಾಲ್ನಡಿಗೆಯಲ್ಲಿ ಹೋಗುತ್ತಿದ್ದರೆ ಕಾರು ನಿಲ್ಲಿಸಿ, ಗಾಜು ಇಳಿಸಿ, "ಗಾಡಿ ಕೆಟ್ಟಿತೇ? ಎಲ್ಲಿಗಾದರೂ ಬಿಡಲೇ?" ಎಂದು ಕೇಳುವುದು ಇಲ್ಲಿನವರ ಮರ್ಯಾದೆ. ಹಾಗೆ ಕೇಳಿಸಿಕೊಳ್ಳದೆ ಮೌಶಿ ಒಂದು ದಿನವೂ ಮನೆ ಸೇರಿದ್ದಿಲ್ಲ. ಮೈಮೇಲೆ ಇಳಕಲ್ ಸೀರೆ, ಅದರ ಮೇಲೆ ಯಜಮಾನರ ಹಳೆಯ ಓವರ್‌ಕೋಟು, ಕಾಲಿಗೆ ಬಿಳಿಯ ಕ್ಯಾನ್ವಾಸ್ ಬೂಟು, ಕಂಕುಳಲ್ಲಿ ಕೆಂಪು ರಟ್ಟಿನ ಉದ್ದನೆಯ ವಹಿ. ನಿಂತ ಕಾರಿನೊಳಗೆ ಬಗ್ಗಿ ನೋಡಿ, "ನೋ ಕಾರ್. ಲೆಗ್ಸ್ ವೆರಿ ಗುಡ್. ಯೂ ಗೋ," ಎಂದು ಅಪ್ಪಣೆ ಕೊಡುತ್ತಿದ್ದರು. ಅವರು ಹೋಗುತ್ತಿದ್ದರು. ಮೌಶಿ ಹೋಗು ಎಂದ ಮೇಲೂ ನಿಂತವರನ್ನು ನಾನು ಈ ಖಂಡದಲ್ಲಿ ಕಂಡಿಲ್ಲ.

ಮೊನ್ನೆ ಧಾರವಾಡದಿಂದ ಅವರ ಯಜಮಾನರ ಕಾಗದ ಬಂತು. ಎರಡೇ ಸಾಲು. "ಆಕೆ ಹೋದ ಮಂಗಳವಾರ ತೀರಿಕೊಂಡಳು. ನಿನಗೆ ತಿಳಿಸಬೇಕೆಂದು ಹೇಳಿದ್ದಳು." ರಾಯರು ಮಾತಿನಲ್ಲೂ ಹೀಗೆಯೇ. ಮೂರು ವರ್ಷ ಒಂದೇ ಸೂರಿನಡಿ ಇದ್ದು ಅವರ ಬಾಯಿಂದ ನಾನು ಕೇಳಿದ ಅತಿ ಉದ್ದನೆಯ ವಾಕ್ಯ, "ಸಾರು ಬಿಸಿ ಅದ." ಅದನ್ನೂ ಮೌಶಿ ತಿದ್ದಿದ್ದರು: "ಆರ್ಯದ, ಸುಮ್ನ ಉಣ್ಣರಿ."

ನಾನು ಮೈಸೂರಿನವನು. ಮೂಗು ದೊಡ್ಡದು, ಬಾಯಿ ಅದಕ್ಕಿಂತ ದೊಡ್ಡದು. ಇನ್ನೊಬ್ಬರ ಹಾಗೆ ನಡೆಯುವುದು, ಕೆಮ್ಮುವುದು, ಮಾತಾಡುವುದು ನನ್ನ ರೋಗ. ಇಂಜಿನಿಯರಿಂಗಿನಲ್ಲಿ ಎಂ.ಎಸ್. ಮಾಡಲು ಬಂದವನು ಪ್ರೊಫೆಸರರ ಕೆಮ್ಮನ್ನು ಅವರಿಗಿಂತ ಚೆನ್ನಾಗಿ ಕಲಿತೆ. ಪಾಠವನ್ನು ಮಾತ್ರ ಅವರಷ್ಟು ಕಲಿಯಲಿಲ್ಲ. ಅರವತ್ತರ ದಶಕ ಮುಗಿಯುತ್ತಿದ್ದ ಒಂದು ಶರತ್ಕಾಲದಲ್ಲಿ ಅಗ್ಗದ ಕೋಣೆ ಹುಡುಕುತ್ತಾ ಆ ನಾಲ್ಕುದಾರಿಗೆ ಹೋದೆ. ಹಳೆಯ ಮರದ ಮನೆ. ಕೆಳಗೆ ಒಂದು ಕಾಲದಲ್ಲಿ ಅಂಗಡಿ, ಅದರ ಮೂಲೆಯಲ್ಲಿ ಅಂಚೆಕಚೇರಿ. ಆಗ ಅಲ್ಲಿ ರಾಯರೂ ಮೌಶಿಯೂ ಬಾಡಿಗೆಗಿದ್ದರು. ರಾಯರು ಕೃಷಿ ಸಂಶೋಧನಾ ಕೇಂದ್ರದಲ್ಲಿ ಮಣ್ಣು ಪರೀಕ್ಷೆ ಮಾಡುತ್ತಿದ್ದರು. ಮಣ್ಣಿನೊಂದಿಗೆ ಇರುವುದು ಅವರ ಸ್ವಭಾವಕ್ಕೆ ಒಗ್ಗಿತ್ತು, ಅದು ಎದುರು ಮಾತಾಡುವುದಿಲ್ಲ. ಮಾಳಿಗೆಯ ಕೋಣೆ ನನಗೆ ಸಿಕ್ಕಿತು. ಮೊದಲ ದಿನ "ಆಂಟಿ" ಎಂದೆ.

"ಆಂಟಿ ಗೀಂಟಿ ಅನಬ್ಯಾಡ. ಮೌಶಿ ಅನು. ನಿಮ್ಮವ್ವನ ತಂಗಿ ಅಂತ ತಿಳಿ."

"ನಮ್ಮಮ್ಮನಿಗೆ ತಂಗಿ ಇಲ್ಲ, ಮೌಶಿ."

"ಈಗ ಅದಾಳ. ಕೈ ತೊಳಕೊಂಡ ಬಾ."

ಅಂದಿನಿಂದ ಅವರು ಮೌಶಿ. ಎದುರಿನ ಪೆಟ್ರೋಲ್ ಬಂಕಿನ ಇಟಾಲಿಯನ್ ಕೂಡ ನಾನು ಕೂಗುವುದನ್ನು ಕೇಳಿ ಅದೇ ಅವರ ಮನೆತನದ ಹೆಸರೆಂದು ತಿಳಿದು "ಮಿಸೆಸ್ ಮೌಶಿ" ಎನ್ನುತ್ತಿದ್ದ.

ಅದನ್ನು ಊರು ಎನ್ನುವುದು ನನ್ನ ಧಾರಾಳತನ. ಎರಡು ರಸ್ತೆ ಒಂದನ್ನೊಂದು ಕತ್ತರಿಸುವ ಜಾಗ, ತಲೆಯ ಮೇಲೆ ಹಳದಿ ಕಣ್ಣು ಮಿಟುಕಿಸುವ ಒಂದು ದೀಪ, ನಾಲ್ಕು ಮೂಲೆಗೆ ನಾಲ್ಕು ಮನೆ, ಆಮೇಲೆ ಜೋಳದ ಹೊಲ. ಮೇಯರ್ ಇಲ್ಲ, ಪೊಲೀಸ್ ಇಲ್ಲ, ಅಂಚೆ ಮುಚ್ಚಿತ್ತು. ಲೆಕ್ಕಕ್ಕೆ ಅದು ಮೂರು ಮೈಲಿ ಆಚೆಗಿನ ಟೌನ್‌ಶಿಪ್ಪಿನ ಒಂದು ಚೂರು. ಕಾಗದ ಬರುತ್ತಿದ್ದುದು ಇನ್ನೊಂದು ಊರಿನ ಹೆಸರಿಗೆ. ಕೌಂಟಿಯ, ಅಂದರೆ ಇಲ್ಲಿನ ಜಿಲ್ಲೆಯ, ನಕ್ಷೆಯಲ್ಲಿ ಅಲ್ಲಿ ಎರಡು ಗೆರೆ ಕೂಡುತ್ತಿದ್ದವು, ಅಕ್ಷರ ಇರಲಿಲ್ಲ. ಬಂದ ವಾರದಲ್ಲಿಯೇ ಮೌಶಿ ನನ್ನನ್ನು ಆ ನಕ್ಷೆಯ ಮುಂದೆ ನಿಲ್ಲಿಸಿದರು.

"ಈ ಊರಿನ ಹೆಸರೇನೋ?"

"ಇದಕ್ಕೆ ಹೆಸರಿಲ್ಲ ಮೌಶಿ. ಇದು ಊರೇ ಅಲ್ಲವಂತೆ."

"ನಾಲ್ಕ ಮನಿಯಾಗ ಒಲಿ ಉರೀತದ. ಊರಲ್ಲ ಅಂದ್ರ ಏನದು?"

ಮೌಶಿ ಕುಲಕರ್ಣಿ ಮನೆತನದವರು. ಅವರ ತಂದೆ ಧಾರವಾಡದ ಹತ್ತಿರದ ಹಳ್ಳಿಯೊಂದರ ದಫ್ತರ ಬರೆಯುತ್ತಿದ್ದರು: ಯಾರ ಹೊಲ ಎಲ್ಲಿ ಮುಗಿಯುತ್ತದೆ, ಯಾರ ಬಾವಿ ಯಾರ ಹಿತ್ತಲಲ್ಲಿ ಎಂಬುದೆಲ್ಲ. ಅವರ ಕಣ್ಣು ಮಂಜಾದ ಮೇಲೆ ಏಳು ವರ್ಷ ಆ ದಫ್ತರ ಬರೆದದ್ದು ಈ ಮಗಳು. ಸಹಿ ಮಾತ್ರ ತಂದೆಯದು. ಇಲ್ಲಿ ಅವರ ವೀಸಾಕ್ಕೆ ಕೆಲಸ ಮಾಡುವ ಹಕ್ಕಿರಲಿಲ್ಲ. ಕೈ ಕಟ್ಟಿ ಕೂರುವ ಹಕ್ಕು ಇತ್ತು, ಅದು ಅವರಿಗೆ ಬೇಕಿರಲಿಲ್ಲ. ಕೆಂಪು ವಹಿ ತೆಗೆದು ಮೊದಲ ಪುಟದಲ್ಲಿ ಚಕ್ಕುಬಂದಿ ಎಂದು ಬರೆದರು. ಯಾವುದೇ ಜಾಗವನ್ನು ಅದರ ಪೂರ್ವಕ್ಕೆ ಯಾರು, ಪಶ್ಚಿಮಕ್ಕೆ ಯಾರು, ಉತ್ತರಕ್ಕೆ, ದಕ್ಷಿಣಕ್ಕೆ ಯಾರು ಎಂದು ನೆರೆಯವರ ಹೆಸರಿನಿಂದಲೇ ಗುರುತಿಸುವ ನಮ್ಮ ಹಳೆಯ ಪದ್ಧತಿ ಅದು.

"ನಕ್ಷಾ ಅಂದ್ರ ಮ್ಯಾಲಿಂದ ನೋಡೋದು," ಎಂದರು. "ಚಕ್ಕುಬಂದಿ ಅಂದ್ರ ಬಾಗಲದಾಗ ನಿಂತ ಕೇಳೋದು. ನಡಿ."

ನಡೆದೆ. ಬಾಡಿಗೆಯ ಕರಾರಿನಲ್ಲಿ ಇದು ಇರಲಿಲ್ಲ.

ಮೌಶಿ ಯಾರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ, ದಿಕ್ಕು ಹಿಡಿದು ಕರೆಯುತ್ತಿದ್ದರು. ಪೆಟ್ರೋಲ್ ಬಂಕಿನವನು ಆಗ್ನೇಯದವನು. "ಬೆಂಕಿ ಆಗ್ನೇಯದಾಗ ಇರಬೇಕು. ಈ ಊರ ಕಟ್ಟಿದವರಿಗೆ ಬುದ್ಧಿ ಇತ್ತು ನೋಡು," ಎಂದು ಅವನ ಬಂಕಿಗೆ ಸರ್ಟಿಫಿಕೇಟ್ ಕೊಟ್ಟಿದ್ದರು. ಕೋಳಿ ಸಾಕಿಕೊಂಡು ಮೊಟ್ಟೆ ಮಾರುತ್ತಿದ್ದ ಹಂಗೇರಿಯನ್ ವಿಧವೆ ವಾಯವ್ಯದಾಕಿ. ನೈಋತ್ಯ ನಾವು. ಈಶಾನ್ಯದಲ್ಲಿ ಒಬ್ಬ ಕರಿಯ ಅಜ್ಜ ಒಂಟಿಯಾಗಿದ್ದ. ರೈಲಿನಲ್ಲಿ ನಲವತ್ತು ವರ್ಷ ಇನ್ನೊಬ್ಬರ ಪೆಟ್ಟಿಗೆ ಹೊತ್ತು ನಿವೃತ್ತನಾದವನು. ಬೆನ್ನು ಮಾತ್ರ ಪೆಟ್ಟಿಗೆಯನ್ನೇ ಕಾಣದವನ ಹಾಗೆ ನೆಟ್ಟಗೆ. ಮೌಶಿಯನ್ನು ಕಂಡರೆ ಟೋಪಿ ತೆಗೆಯುತ್ತಿದ್ದ. ಮೌಶಿ ಸೆರಗು ಸರಿಮಾಡಿಕೊಳ್ಳುತ್ತಿದ್ದರು. ಇಬ್ಬರು ದೊರೆಗಳು ಸಂಧಿಸಿದ ಹಾಗಿರುತ್ತಿತ್ತು. ನಡುವೆ ನಾನು, ಆಸ್ಥಾನದ ಮಂಗ.

ನನ್ನ ಕೆಲಸ ಹೀಗೆ. ಮೌಶಿಗೆ ಇಂಗ್ಲಿಷ್ ಓದಲು ಬರುತ್ತಿತ್ತು, ಇವರು ಆಡುವ ವೇಗಕ್ಕೆ ಕಿವಿ ಸೋಲುತ್ತಿತ್ತು. ಆದ್ದರಿಂದ ಅವರು ಆಡಿದ್ದನ್ನು ಮನೆಗೆ ಬಂದು ನಾನು ನಿಧಾನವಾಗಿ, ಅವರದೇ ದನಿಯಲ್ಲಿ ಆಡಿ ತೋರಿಸಬೇಕು. ಆಮೇಲೆ ಅದನ್ನು ಕನ್ನಡದಲ್ಲಿ ಹೇಳಬೇಕು. ಮೊದಲ ಸಂಜೆ ಬಂಕಿನವನನ್ನು ಮಾಡಿದೆ: ಎರಡೂ ಕೈ ಗಾಳಿಗೆ, ಹೊಟ್ಟೆ ಮುಂದಕ್ಕೆ. ರಾಯರು ಕೂಡ ಪೇಪರಿನ ಹಿಂದೆ ಅಲುಗಾಡಿದರು. ಮೌಶಿ ನಗಲಿಲ್ಲ.

"ಹೊಟ್ಟಿ ಯಾಕ ಬಿಟ್ಟಿ? ಹೊಟ್ಟಿ ಏನರೆ ಸಾಕ್ಷಿ ಹೇಳ್ತದೇನು? ಅಂವ ಆಡಿದ್ದಷ್ಟ ಆಡು. ಅಣಕಸೂದು ಬ್ಯಾರೆ, ಸಾಕ್ಷಿ ಬ್ಯಾರೆ."

ನನ್ನ ಕಲೆಗೆ ಅಷ್ಟು ಕಟುವಾದ ವಿಮರ್ಶೆ ಅದುವರೆಗೆ ಬಂದಿರಲಿಲ್ಲ. ಹೊಟ್ಟೆ ಒಳಗೆಳೆದುಕೊಂಡು ಮತ್ತೆ ಆಡಿದೆ.

ಇಲ್ಲಿ ಈ ಜನರ ಬಾಯಲ್ಲಿ ನನ್ನ ಮೈಸೂರು ಕನ್ನಡ ಕೇಳಿದರೆ ಅದು ನನ್ನ ಅಪರಾಧ. ಅವರು ಇಂಗ್ಲಿಷಿನಲ್ಲೇ ಆಡಿದ್ದರು. ಬಂಕಿನವನನ್ನು ಮೌಶಿ "ನಿಮ್ಮ ಉತ್ತರಕ್ಕೆ ಯಾರು?" ಎಂದು ಕೇಳಿಸಿದಾಗ ಅವನು ಹೇಳಿದ್ದು, "ಉತ್ತರಕ್ಕೇನಿದೆ, ರೋಡು!"

"ರಸ್ತಿ ಯಾರಿಗೂ ನೆರಿ ಅಲ್ಲ," ಎಂದರು ಮೌಶಿ. "ರಸ್ತಿ ದಾಟಿ ಹೇಳಂತ ಹೇಳು."

ದಾಟಿದರೆ ಈಶಾನ್ಯದ ಅಜ್ಜನ ಮನೆ. ಅವನು ತಲೆ ಕೆರೆದುಕೊಂಡ. "ಓಲ್ಡ್ ಮ್ಯಾನ್ ಇದಾನೆ. ಹೆಸರು... ನೋಡು, ಹತ್ತೊಂಬತ್ತು ವರ್ಷದಿಂದ ಅವನ ಲಾನ್‌ಮೋವರಿಗೆ ಪೆಟ್ರೋಲ್ ಹಾಕ್ತಿದ್ದೀನಿ, ಹೆಸರು ಕೇಳಿಲ್ಲ." ಮೌಶಿ ವಹಿ ಮುಚ್ಚಿದರು. "ಕೇಳಕೊಂಡ ಬಾ ಅನ್ನು. ನಾ ನಿಂತಿರತೀನಿ." ಆ ದಪ್ಪ ಮನುಷ್ಯ ಕೈ ಒರೆಸಿಕೊಳ್ಳುತ್ತಾ ರಸ್ತೆ ದಾಟಿದ್ದನ್ನು ನಾನು ನೋಡಿದೆ. ಹೆಸರು ಕೇಳಲು ಹೋದವನು ಮುಕ್ಕಾಲು ಗಂಟೆ ಬರಲಿಲ್ಲ. ಇತ್ತ ಬಂಕಿನಲ್ಲಿ ಬಂದ ಕಾರುಗಳಿಗೆ ನಾನೇ ಪೆಟ್ರೋಲ್ ಹಾಕಿದೆ, ಅರ್ಧ ನನ್ನ ಪ್ಯಾಂಟಿಗೆ.

ಹೀಗೆ ಬಾಗಿಲಿನಿಂದ ಬಾಗಿಲಿಗೆ ನಡೆದು ಆ ಜಾಗಕ್ಕೆ ಮೌಶಿ ಒಂದು ಚರಿತ್ರೆಯನ್ನು ಎತ್ತಿದರು. ಮೊಟ್ಟೆಯಾಕಿಯ ಕೋಳಿಗೂಡು ಮೊದಲು ಶಾಲೆಯಾಗಿತ್ತು. ಒಂದೇ ಕೋಣೆ, ಗೋಡೆಯ ಮೇಲೆ ಮಗ್ಗಿಯ ಗುರುತು ಇನ್ನೂ ಇತ್ತು. ಬಂಕಿನವನ ತಂದೆ ಬಂಕಿನ ಜಾಗದಲ್ಲಿ ಕುದುರೆಗೆ ಲಾಳ ಹೊಡೆಯುವವನ ಕೈಕೆಳಗೆ ದುಡಿದು, ಕುದುರೆ ಹೋಗಿ ಕಾರು ಬಂದಾಗ ತಿದಿ ಮಾರಿ ಪಂಪು ಹಾಕಿಸಿದ್ದ. ಊರಿಗೆ ಹೆಸರಿಲ್ಲವೆಂದದ್ದು ಶುದ್ಧ ಸುಳ್ಳು. ಮೂಲೆಗೊಂದು ಹೆಸರಿತ್ತು. ಬಂಕಿನವನಿಗೆ ಅದು "ಬ್ಲಿಂಕರ್", ಮೊಟ್ಟೆಯಾಕಿಗೆ "ಓಲ್ಡ್ ಸ್ಕೂಲ್", ನಮ್ಮ ಮನೆಯ ಮಾಲೀಕನಿಗೆ "ಪೋಸ್ಟ್ ಆಫೀಸ್". ಈಶಾನ್ಯದ ಅಜ್ಜ ಮಾತ್ರ "ಹ್ಯಾನಾಸ್ ಕಾರ್ನರ್" ಎಂದ. ಹ್ಯಾನಾ ಅವನ ಅಜ್ಜಿಯ ಅಜ್ಜಿ. ಒಡೆಯನ ಮನೆಯ ಜೀತದಿಂದ ಬಿಡುಗಡೆಯಾಗಿ ಬಂದು ಅಲ್ಲಿ ಒಂದು ಬಾವಿ ತೋಡಿಸಿದಳು. ನ್ಯೂಯಾರ್ಕಿಗೂ ಫಿಲಡೆಲ್ಫಿಯಾಕ್ಕೂ ಹೋಗುವ ಕುದುರೆ ಗಾಡಿಗಳು ಆ ನೀರಿಗೆ ನಿಂತವು. ನಿಂತವರಿಗೆ ಶುಂಠಿ ರೊಟ್ಟಿ ಮಾರಿದಳು. ಗಾಡಿ ನಿಲ್ಲುವ ಕಡೆ ಲಾಳದವನು ಬಂದ, ಆಮೇಲೆ ಅಂಗಡಿ, ಶಾಲೆ, ಅಂಚೆ.

"ನೋಡಿದಿ?" ಎಂದರು ಮೌಶಿ. "ರಸ್ತಿ ಕೂಡಿದ್ದಕ್ಕ ಊರಾಗಲಿಲ್ಲ. ಒಬ್ಬಾಕಿ ನೀರ ಕೊಟ್ಟದ್ದಕ್ಕ ಆತು. ಬಾವಿ ಈಶಾನ್ಯದಾಗ. ನಾ ಹೇಳಿದ್ದಿಲ್ಲೇನು?"

ಆಗ ನಾನು ಸುಮ್ಮನೆ ಗೋಣು ಹಾಕಿದೆ. ಈಗ ಯೋಚಿಸಿದರೆ ಬೆರಗಾಗುತ್ತದೆ. ಇದ್ದೂರಿನವರು ಇನ್ನೂರು ವರ್ಷ ಒಂದು ಕಡೆ ಕೂಡಿಸದಿದ್ದುದನ್ನು, ಈ ದೇಶಕ್ಕೆ ಬರುವವರೆಗೆ ಹುಬ್ಬಳ್ಳಿಯಿಂದ ಆಚೆಗೆ ಹೆಜ್ಜೆಯಿಡದಿದ್ದ ಹೆಂಗಸು ಒಂದು ಚಳಿಗಾಲದಲ್ಲಿ ಕೂಡಿಸಿಬಿಟ್ಟರು.

ಒಂದು ಕಡೆ ಮಾತ್ರ ತಡೆಯಿತು. ಅಜ್ಜನ ಮನೆಯ ಉತ್ತರಕ್ಕೆ ಒಂದು ಖಾಲಿ ಜಾಗ. ಎತ್ತರದ ಹುಲ್ಲು, ಎರಡು ಸೀಡರ್ ಮರ, ಹುಲ್ಲಿನ ನಡುವೆ ಅಲ್ಲಲ್ಲಿ ಮೊಣಕಾಲೆತ್ತರದ ಒರಟು ಕಲ್ಲು. "ಉತ್ತರಕ್ಕೆ ಯಾರು?" ಎಂದು ಕೇಳಿದಾಗ ಅಜ್ಜ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಾ, "ಆ ಕಡೆ ವಿಷಯ ನಾನು ಮಾತಾಡಲ್ಲ, ಮ್ಯಾಮ್," ಎಂದ. ನಯವಾಗಿಯೇ ಅಂದ, ಆದರೆ ಬಾಗಿಲು ಮುಚ್ಚಿದ ಹಾಗೆ ಅಂದ.

ಚಕ್ಕುಬಂದಿಯಲ್ಲಿ ಒಂದು ದಿಕ್ಕು ಖಾಲಿ ಬಿಡುವುದೆಂದರೆ ಮೌಶಿಗೆ ಕುಂಕುಮವಿಲ್ಲದ ಹಣೆ. ಎರಡು ದಿನ ಚಡಪಡಿಸಿದರು. ಮೂರನೆಯ ದಿನ ಬೇಲಿಯಾಚೆ ನಿಂತು ಕಲ್ಲುಗಳನ್ನು ಎಣಿಸಿ, ಅಲ್ಲಿಯೇ ಬರೆದರು: "ಉತ್ತರಕ್ಕೆ: ಬೀಳು ಜಮೀನು. ಬಾಂದಗಲ್ಲು ಅದಾವ." ಬಾಂದಗಲ್ಲು ಎಂದರೆ ಹೊಲದ ಗಡಿ ತೋರಿಸಲು ನೆಡುವ ಕಲ್ಲು. ಅಕ್ಷರವಿಲ್ಲದ, ನೆಟ್ಟಗೆ ಹೂತ ಕಲ್ಲು ಕಂಡರೆ ಕುಲಕರ್ಣಿಯ ಮಗಳಿಗೆ ಬೇರೇನು ಹೊಳೆಯಬೇಕು? ನಾನೂ ಹೌದೆಂದೆ. ನನಗೆ ಕಲ್ಲು ಎಂದರೆ ಅನ್ನದಲ್ಲಿ ಸಿಗುವುದು ಮಾತ್ರ ಗೊತ್ತು.

ಹಿಮ ಕರಗುವ ಹೊತ್ತಿಗೆ ಕೌಂಟಿಯ ರಸ್ತೆ ಕಚೇರಿಯಿಂದ ಒಬ್ಬ ಇಂಜಿನಿಯರ್ ಬಂದ. ಸಭ್ಯ ಮನುಷ್ಯ, ಕ್ಲಿಪ್‌ಬೋರ್ಡು ಹಿಡಿದಿದ್ದ. ರಸ್ತೆ ಅಗಲ ಮಾಡುತ್ತಾರಂತೆ. ಇಲ್ಲಿಯ ಹಳೆಯ ದಾಖಲೆ ಯಾರಲ್ಲಾದರೂ ಇವೆಯೇ ಎಂದು ಕೇಳಿದ. ಬಂಕಿನವನು ಹೆಮ್ಮೆಯಿಂದ ನಮ್ಮ ಮನೆ ತೋರಿಸಿದ. ಜೀವಮಾನದಲ್ಲಿ ಮೊದಲ ಬಾರಿ ಒಂದು ಸರಕಾರ ಮೌಶಿಯ ದಫ್ತರವನ್ನು ಅವರ ಹೆಸರಿನಲ್ಲಿಯೇ ಕೇಳಿತ್ತು. ಅವತ್ತು ಅವರು ಅವನಿಗೆ ಮೂರು ಸಲ ಚಹಾ ಕೊಟ್ಟರು. ಚಕ್ಕುಬಂದಿಯ ಮೇಲಿಂದ ದೊಡ್ಡ ಹಾಳೆಯಲ್ಲಿ ಒಂದು ನಕಾಶೆ ಬರೆದರು. ನಾನು ಪ್ರತಿ ಕನ್ನಡ ಮಾತಿನ ಕೆಳಗೆ ಇಂಗ್ಲಿಷ್ ಬರೆದೆ. ಬಾಂದಗಲ್ಲಿನ ಕೆಳಗೆ 'ಬೌಂಡರಿ ಸ್ಟೋನ್ಸ್' ಎಂದು ನನ್ನ ಅತಿ ಚಂದದ ಅಕ್ಷರದಲ್ಲಿ ಬರೆದೆ. ಹಾಳೆ ಕೌಂಟಿಗೆ ಹೋಯಿತು.

ಹೋದ ಮೇಲೆ ಮೌಶಿಗೆ ಸಮಾಧಾನವಿಲ್ಲ. "ಕಲ್ಲು ಎಣಿಸಿದೆ, ಅಳೀಲಿಲ್ಲ. ಅಳತಿ ಇಲ್ಲದ ಬಾಂದ ಅಂದ್ರ ಉಪ್ಪಿಲ್ಲದ ಸಾರು." ಅಳೆಯಲು ಟೇಪ್ ತರುತ್ತೇನೆಂದೆ. ಅವರು ಟ್ರಂಕು ತೆಗೆದು ಮಾಸಿದ ಒಂದು ಇಳಕಲ್ ಸೀರೆ ಹೊರಗೆಳೆದರು. ಎಂಟು ಗಜ, ಹದಿನಾರು ಮೊಳ. ಅಂಚಿನಲ್ಲಿ ಮೊಳಕ್ಕೊಂದು ಹಳದಿ ದಾರದ ಹೊಲಿಗೆ ಹಾಕಿದ್ದರು. ಒಂದು ತುದಿ ನನಗೆ, ಒಂದು ತುದಿ ಅವರಿಗೆ. ಅಜ್ಜ ಚರ್ಚಿಗೆ ಹೋಗಿದ್ದ ಒಂದು ಭಾನುವಾರ ಬೆಳಿಗ್ಗೆ ಆ ಹುಲ್ಲಿಗೆ ಇಳಿದೆವು. ಕೇಳದೆ ಇಳಿದದ್ದು, ಅದು ತಪ್ಪೇ. ರಸ್ತೆಯಲ್ಲಿ ಕಾರುಗಳು ನಿಧಾನವಾದವು. ನಾನು ಸೀರೆಯ ತುದಿ ಹಿಡಿದು ರಾಜಕುಮಾರಿಯ ಹಾಗೆ ಬಳುಕಿ ನಡೆದು ಒಬ್ಬ ಡ್ರೈವರಿಗೆ ಕೈ ಬೀಸಿದೆ.

"ಮೌಶಿ, ಯಾರಾದರೂ ಪೊಲೀಸಿಗೆ ಫೋನ್ ಮಾಡ್ತಾರೆ. ಇಬ್ಬರು ಇಂಡಿಯನ್ಸು ಹುಲ್ಲಿಗೆ ಸೀರೆ ಉಡಿಸ್ತಿದಾರೆ ಅಂತ."

ತಿರುಗಿ ನೋಡಿದೆ. ಮೌಶಿ ಒಂದು ಕಲ್ಲಿನ ಹತ್ತಿರ ಕುಕ್ಕರುಗಾಲಿನಲ್ಲಿ ಕೂತಿದ್ದರು.

"ಇಲ್ಲಿ ಹಿಡಿ," ಎಂದರು. ಒಂದು ದೊಡ್ಡ ಕಲ್ಲು. ಅದರ ನೇರಕ್ಕೆ ಪೂರ್ವದಲ್ಲಿ ಒಂದು ಸಣ್ಣ ಕಲ್ಲು. ಅಳೆದೆವು. ನಾಲ್ಕು ಮೊಳ. ಪಕ್ಕದ ಸಾಲಿನಲ್ಲಿ ಮತ್ತೊಂದು ಜೋಡಿ, ನಾಲ್ಕು ಮೊಳ. ಇನ್ನೊಂದು, ಮೂರು ಮೊಳ ಒಂದು ಗೇಣು. ಎಲ್ಲ ಜೋಡಿಯೂ ಒಂದೇ ಮುಖ, ಸೂರ್ಯ ಹುಟ್ಟುವ ಕಡೆ. ಸೀಡರ್ ಮರದ ಬುಡದಲ್ಲಿ ಎರಡು ಕಲ್ಲು ಎಷ್ಟು ಹತ್ತಿರವಿದ್ದವೆಂದರೆ ಸೀರೆ ಬೇಕಾಗಲಿಲ್ಲ. ಮೌಶಿ ಮೊಣಕೈ ಊರಿ ಬೆರಳು ಚಾಚಿದರು. ಅದರ ಮೇಲೆ ಒಂದು ಗೇಣು ಉಳಿಯಿತು.

ಅವರು ಕ್ಯಾನ್ವಾಸ್ ಬೂಟು ಬಿಚ್ಚಿ, ಕರಗಿದ ಹಿಮದ ಕೆಸರಿನಲ್ಲಿ ಬರಿಗಾಲಲ್ಲಿ ನಿಂತರು.

"ಇದು ಹೊಲದ ಅಳತಿ ಅಲ್ಲೋ," ಎಂದರು. "ಇದು ಮನಷ್ಯಾನ ಅಳತಿ."

ನನ್ನ ಕೈಯಲ್ಲಿ ಸೀರೆಯ ತುದಿ ಇನ್ನೂ ಬಳುಕುವ ಭಂಗಿಯಲ್ಲೇ ಇತ್ತು. ಅಷ್ಟು ನಾಚಿಕೆ ನನಗೆ ಅದಕ್ಕೆ ಮೊದಲೂ ಆಗಿರಲಿಲ್ಲ, ಆಮೇಲೂ ಆಗಿಲ್ಲ. ಮಡಿ ಹೆಂಗಸು, ಗೋರಿ ಮುಟ್ಟಿದ್ದಾರೆ, ಸ್ನಾನಕ್ಕೆ ನೀರು ಕಾಯಿಸಲೇ ಎಂದೆ. "ಸ್ನಾನ ಆಮ್ಯಾಲೆ. ಮೊದಲ ಆ ಅಜ್ಜಗ ಹೇಳಬೇಕು," ಎಂದರು. ಅವನ ಮೆಟ್ಟಿಲ ಮೇಲೆ ಬರಿಗಾಲಲ್ಲಿ ಕೂತು ಕಾದರು. ಅಜ್ಜ ಚರ್ಚಿನಿಂದ ಬಂದು, ಅವರ ಕಾಲು ನೋಡಿ, ಮಡಿಸಿದ ಸೀರೆ ನೋಡಿ, ಎಲ್ಲ ಅರ್ಥ ಮಾಡಿಕೊಂಡ.

"ಅಳೆದಿರಾ?"

"ಅಳದ್ವಿ. ಕೇಳದ ಅಳದ್ವಿ. ತಪ್ಪಾತು ಅಂತ ಹೇಳು," ಎಂದರು. ನಾನು ಹೇಳಿದೆ.

ಅಜ್ಜ ಪಕ್ಕದಲ್ಲಿ ಕೂತ. ಸೀಡರ್ ಮರಗಳ ಕಡೆ ನೋಡುತ್ತಾ ಅಂದ: "ಎರಡನೇ ಸಾಲಿನಲ್ಲಿ ಮೂರನೆಯವಳು ನನ್ನಮ್ಮ. ಕುಳ್ಳಿ."

ಮೌಶಿ ವಹಿ ನೋಡಿದರು. "ಮೂರು ಮೊಳ ಒಂದು ಗೇಣು," ಎಂದು ಕನ್ನಡದಲ್ಲೇ ಅಂದು, ಕೈಯಿಂದ ನೆಲದಿಂದ ಎತ್ತರ ತೋರಿಸಿದರು. ಅಜ್ಜ ಆ ಕೈಯ ಎತ್ತರವನ್ನು ನೋಡಿ ತಲೆಯಾಡಿಸಿದ. ಅಮ್ಮನನ್ನು ಅಲ್ಲಿ ನಿಲ್ಲಿಸಿದ ಹಾಗಿತ್ತು.

ಹ್ಯಾನಾಳಿಂದ ಹಿಡಿದು ಅವನ ಜನರೆಲ್ಲ ಅಲ್ಲಿದ್ದರು. ಊರ ಸ್ಮಶಾನದಲ್ಲಿ ಕರಿಯರಿಗೆ ಜಾಗ ಕೊಡದ ಕಾಲ. ಕೆತ್ತಿಸುವ ಶಕ್ತಿ ಇಲ್ಲದ್ದಕ್ಕೆ ಹೊಲದ ಕಲ್ಲನ್ನೇ ನೆಟ್ಟರು. ಅವನು ಚಿಕ್ಕವನಿದ್ದಾಗ ಯಾರೋ ಕಿಡಿಗೇಡಿಗಳು ನಿಧಿ ಇದೆಯೆಂದು ಅಗೆದಿದ್ದರಂತೆ. ಅವತ್ತಿನಿಂದ ಅವನ ತಾಯಿ ಹೇಳಿಕೊಟ್ಟದ್ದು ಒಂದೇ: ಯಾರಿಗೂ ಹೇಳಬೇಡ. ಅರವತ್ತು ವರ್ಷ ಹೇಳಲಿಲ್ಲ. ಮೊನ್ನೆ ರಸ್ತೆಯ ಸುದ್ದಿ ಬಂದ ಮೇಲೆ ಮೊದಲ ಸಲ ಕೌಂಟಿಗೆ ಕಾಗದ ಬರೆದ. ಉತ್ತರ ಜೇಬಿನಲ್ಲೇ ಇತ್ತು. ನಾನು ಓದಿದೆ. ಗೋರಿಗಳ ದಾಖಲೆ ಎಲ್ಲಿಯೂ ಇಲ್ಲ. ಸ್ಥಳೀಯರೊಬ್ಬರು ಶ್ರದ್ಧೆಯಿಂದ ತಯಾರಿಸಿದ ನಕಾಶೆಯ ಪ್ರಕಾರ ಅವು ಬೌಂಡರಿ ಸ್ಟೋನ್ಸ್. ಆಕ್ಷೇಪವಿದ್ದರೆ ಟೌನ್‌ಶಿಪ್ಪಿನ ಸಭೆಯಲ್ಲಿ ಹೇಳಬಹುದು.

"ನನ್ನನ್ನೂ ಅಲ್ಲೇ ಅಮ್ಮನ ಪಕ್ಕ ಮಲಗಿಸಲಿ ಅಂತಿದ್ದೆ," ಎಂದ ಅಜ್ಜ. "ಈಗ ಅವಳನ್ನೇ ಎಬ್ಬಿಸ್ತಾರೆ. ಅಥವಾ ಎಬ್ಬಿಸದೇನೆ ಮೇಲೆ ಟಾರು ಹಾಕ್ತಾರೆ."

ಮೌಶಿಗೆ ನಾನು ತರ್ಜುಮೆ ಮಾಡಬೇಕಾಗಲಿಲ್ಲ.

ಸಭೆಗೆ ಎಂಟು ದಿನವಿತ್ತು. ಆ ಎಂಟು ದಿನ ಮೌಶಿ ನಡೆಯಲು ಹೋಗಲಿಲ್ಲ. ಅಡಿಗೆ ಮಾಡಿದರು, ಬಡಿಸಿದರು, ವಹಿಯನ್ನು ಮುಟ್ಟಲಿಲ್ಲ. ರಾಯರು ಒಂದು ಸಂಜೆ, "ಊಟ ಮಾಡು," ಎಂದರು. ಅವರಾಗಿ ಬಾಯಿ ತೆರೆದದ್ದು ನೋಡಿ ನನಗೆ ನಿಜಕ್ಕೂ ಹೆದರಿಕೆಯಾಯಿತು.

ಸಭೆಯ ಸಂಜೆ ಬಂಕಿನವನ ಟ್ರಕ್ಕಿನಲ್ಲಿ ಎಲ್ಲರೂ ಹೋದೆವು. ಮೊಟ್ಟೆಯಾಕಿ ಮುಂದೆ, ಅಜ್ಜ ಮೌಶಿ ಅವಳ ಪಕ್ಕ, ನಾನೂ ರಾಯರೂ ಹಿಂದೆ ಟೈರುಗಳ ಜೊತೆ. ಮರದ ಕುರ್ಚಿಗಳ ಹಾಲ್. ವೇದಿಕೆಯ ಮೇಲೆ ಐದು ಜನ, ನಡುವೆ ಅಧ್ಯಕ್ಷ. ಒಂದು ಕಡೆ ಟೈಪ್ ಮಾಡುವ ಗುಮಾಸ್ತೆ. ಇಂಜಿನಿಯರ್ ಒಂದು ಹಲಗೆಯ ಮೇಲೆ ನಕಾಶೆ ಚುಚ್ಚಿ ನಿಲ್ಲಿಸಿದ. ನಮ್ಮದೇ ನಕಾಶೆ, ಮೌಶಿಯ ದುಂಡು ಕನ್ನಡ, ಅದರ ಕೆಳಗೆ ನನ್ನ ಅತಿ ಚಂದದ ಇಂಗ್ಲಿಷ್. ಕೋಲಿನಿಂದ ತೋರಿಸಿ, "ಈ ಮಹಿಳೆಯ ಕೆಲಸ ನಮ್ಮ ಕಚೇರಿಯದಕ್ಕಿಂತ ಅಚ್ಚುಕಟ್ಟಾಗಿದೆ," ಎಂದು ಹೊಗಳಿದ. ಅವನು ಮೋಸಗಾರನಲ್ಲ, ನಂಬಿದ್ದ. ಅದೇ ಕಷ್ಟ.

ನಾನು ಮೌಶಿಯ ಕಿವಿಯ ಹತ್ತಿರ ಬಗ್ಗಿದೆ. ಎಂಟು ದಿನದಿಂದ ಹೊಸೆದ ಉಪಾಯ ನನ್ನಲ್ಲಿತ್ತು.

"ಮೌಶಿ, ಇಲ್ಲಿ ಯಾರಿಗೂ ಕನ್ನಡ ಓದೋಕೆ ಬರಲ್ಲ. ನೀವು ಮೊದಲಿಂದಲೂ ಗೋರಿ ಅಂತಲೇ ಬರೆದಿದ್ದಿರಿ, ನಾನು ತಪ್ಪು ಟ್ರಾನ್ಸ್‌ಲೇಟ್ ಮಾಡಿದೆ ಅಂತೀನಿ. ಬೈಗುಳ ನನಗಿರಲಿ. ಇನ್ನೂ ಗಟ್ಟಿ ಸಾಕ್ಷಿ ಆಗುತ್ತೆ. ಯಾರು ಓದಿ ನೋಡ್ತಾರೆ?"

ಮೌಶಿ ನನ್ನ ಕಡೆ ತಿರುಗಿದರು. ಸಿಟ್ಟಿರಲಿಲ್ಲ.

"ನಾ ಓದತೀನಲ್ಲೋ," ಎಂದರು.

ಎದ್ದರು. ನಾನೂ ಏಳಹೋದೆ, ಭುಜ ಒತ್ತಿ ಕೂರಿಸಿದರು. ಓವರ್‌ಕೋಟು ತೆಗೆದು ಕುರ್ಚಿಗೆ ಹಾಕಿ, ಸೆರಗು ಹೊದ್ದು, ಹಲಗೆಯ ಹತ್ತಿರ ನಡೆದರು. ಇಂಜಿನಿಯರ್ ದಾರಿ ಬಿಟ್ಟ.

"ದಿಸ್ ಐ ರೋಟ್," ಎಂದರು. "ಐ ರೋಟ್ ರಾಂಗ್."

ಇಂಜಿನಿಯರ್ ಕೋಲು ಕೆಳಗಿಳಿಸಿದ.

"ದಿಸ್ ಮ್ಯಾನ್ ನಾಟ್ ಟೋಲ್ಡ್. ಐ ನಾಟ್ ವೇಟೆಡ್. ಐ ಸೀ ಸ್ಟೋನ್, ಐ ರೋಟ್ ಬೌಂಡರಿ. ಇಟ್ ಈಸ್ ಪೀಪಲ್. ಮೈ ಮಿಸ್ಟೇಕ್. ನಾಟ್ ಬಾಯ್ ಮಿಸ್ಟೇಕ್." ಬಾಯ್ ಎಂದರೆ ನಾನು; ಇಪ್ಪತ್ತಾರು ವರ್ಷದವನು.

ಆಮೇಲೆ ಅವರು ಮಾಡಿದ್ದನ್ನು ನಾನು ಯಾವ ಕಚೇರಿಯಲ್ಲೂ ಕಂಡಿಲ್ಲ. ಕುಲಕರ್ಣಿ ದಫ್ತರದಲ್ಲಿ ಬರೆದದ್ದನ್ನು ಅಳಿಸುವಂತಿಲ್ಲ, ಹಾಳೆ ಹರಿಯುವಂತಿಲ್ಲ. ತಪ್ಪಿನ ಮೇಲೆ, ಕೆಳಗಿನ ಅಕ್ಷರ ಕಾಣುವ ಹಾಗೆ, ಒಂದೇ ಗೆರೆ ಎಳೆಯಬೇಕು. ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಬರೆದವರು ತಮ್ಮ ಹೆಸರು ಹಾಕಬೇಕು. ನಾಲ್ಕೂ ದಿಕ್ಕಿನ ನೆರೆಯವರು ಅದಕ್ಕೆ ಸಹಿ ಮಾಡಬೇಕು. ಮೌಶಿ ಪೆನ್ನು ತೆಗೆದು ಎಲ್ಲರೆದುರು ಆ ಗೆರೆ ಎಳೆದರು. ಮೊದಲ ಬಾರಿಗೆ ದಫ್ತರದಲ್ಲಿ ತಂದೆಯ ಹೆಸರಲ್ಲದೆ ತಮ್ಮ ಹೆಸರು ಬರೆದರು, ಒಂದು ತಪ್ಪಿನ ಪಕ್ಕದಲ್ಲಿ. ತಿರುಗಿ, "ಆಗ್ನೇಯ!" ಎಂದರು. ಬಂಕಿನವನಿಗೆ ಅದು ತನ್ನ ಹೆಸರೆಂದು ಗೊತ್ತಿತ್ತು. ಹೋಗಿ ಸಹಿ ಹಾಕಿದ. "ವಾಯವ್ಯ!" ಮೊಟ್ಟೆಯಾಕಿ ಕನ್ನಡಕ ಹುಡುಕಿ ಹಾಕಿದಳು. ನೈಋತ್ಯಕ್ಕೆ ರಾಯರು ಏಳುವಷ್ಟರಲ್ಲಿ ಮೌಶಿ ಕನ್ನಡದಲ್ಲಿ ಅಂದರು: "ಬರದಾಕಿ ಗಂಡ ಸಾಕ್ಷಿ ಆಗಂಗಿಲ್ಲ. ನೀ ಬಾರೋ." ಹೋದೆ. ಸುಳ್ಳು ಹೇಳಲು ಸಿದ್ಧವಾಗಿದ್ದ ಕೈಯಿಂದ ನಿಜಕ್ಕೆ ಸಹಿ ಹಾಕಿದೆ.

ಅಧ್ಯಕ್ಷ ಗಂಟಲು ಸರಿಮಾಡಿಕೊಂಡ. "ಮ್ಯಾಮ್, ಇದನ್ನು ಪರಿಶೀಲನೆಗೆ ತಗೊಳ್ತೀವಿ. ಮುಂದಿನ ವಿಷಯ..."

"ವೇಟ್," ಎಂದರು ಮೌಶಿ.

ಈಶಾನ್ಯದ ಸಾಕ್ಷಿ ಉಳಿದಿತ್ತು. ಅಜ್ಜನ ಕಡೆ ನೋಡಿದರು. ಈ ಸಲ ಕೇಳುವ ಮೊದಲು ಎರಡು ಕೈ ಜೋಡಿಸಿದರು. "ನಾರ್ತ್ ಸೈಡ್. ಹೂ?"

ಅಜ್ಜ ಎದ್ದು ನಿಂತ, ಟೋಪಿ ಎದೆಗೆ. ಅರವತ್ತು ವರ್ಷದ ಬಾಯಿ ಬೇಗ ತೆರೆಯಲಿಲ್ಲ. ತೆರೆದಾಗ ಮೊದಲು ಬಂದದ್ದು "ಹ್ಯಾನಾ." ಮೌಶಿ ಬರೆದರು. "ಐಸಾಕ್, ಅವಳ ಮಗ." ಬರೆದರು. "ಡೈನಾ. ಜೂಲಿಯಾ. ಇನ್ನೊಬ್ಬ ಐಸಾಕ್, ಅವನು ಕುಂಟ." ಸಾಲಿನಿಂದ ಸಾಲಿಗೆ, ಕಲ್ಲಿನಿಂದ ಕಲ್ಲಿಗೆ, ಕಣ್ಣು ಮುಚ್ಚಿಕೊಂಡು ಅವನು ಆ ಹುಲ್ಲಿನಲ್ಲಿ ನಡೆಯುತ್ತಿದ್ದ. ಮೌಶಿ ಕನ್ನಡ ಅಕ್ಷರದಲ್ಲಿ ಬರೆಯುತ್ತಲೇ ಇದ್ದರು. ಗುಮಾಸ್ತೆ ಮೊದಲು ಸುಮ್ಮನೆ ನೋಡುತ್ತಿದ್ದವಳು, ನಡುವೆ ಎಲ್ಲಿಯೋ ತಾನೂ ಟೈಪ್ ಮಾಡತೊಡಗಿದಳು. ಅಧ್ಯಕ್ಷ ಗಡಿಯಾರ ಕಟ್ಟಿದ್ದ ಕೈಯನ್ನು ಮೇಜಿನ ಕೆಳಗೆ ಇಳಿಸಿದ.

ಈಗ ಅಲ್ಲಿ ರಸ್ತೆ ಪಶ್ಚಿಮಕ್ಕೆ ಬಾಗಿ, ಅಜ್ಜನ ಸೀಡರ್ ಮರಗಳನ್ನು ದಾಟಿ ಮತ್ತೆ ನೇರವಾಗುತ್ತದೆ. ಮೌಶಿ, ರಾಯರು ಊರಿಗೆ ಹೋದ ಮೇಲಿನ ವರ್ಷ ಅಜ್ಜನನ್ನು ಅವನ ಅಮ್ಮನ ಪಕ್ಕದಲ್ಲಿ ಮಲಗಿಸಿದೆವು. ಆ ನಕಾಶೆ ಕೌಂಟಿಯ ಕಪಾಟಿನಲ್ಲಿದೆ. ಗೆರೆ ಎಳೆದ ಸಾಲು ಈಗಲೂ ಓದಲು ಬರುತ್ತದೆ.

ಆದರೆ ನಾನು ಹೇಳಬೇಕೆಂದಿದ್ದು ಅಂದಿನ ಸಂಜೆಯ ಕೊನೆಯ ಹೆಸರು. ಅಜ್ಜ ಸೀಡರ್ ಮರದ ಬುಡಕ್ಕೆ ಬಂದಿದ್ದ. "ಅಲ್ಲಿರೋ ಚಿಕ್ಕದು ಮಗು. ಒಂದೇ ದಿನ ಇತ್ತು. ಹೆಸರಿಡಲಿಲ್ಲ. ನನ್ನ ಸಿಸ್ಟರ್."

ಮೌಶಿ ಪೆನ್ನು ಎತ್ತಿ ನನ್ನ ಕಡೆ ನೋಡಿದರು. "ಅಕ್ಕನೋ ತಂಗಿನೋ ಕೇಳು."

ಕೇಳಿದೆ: ನಿನಗಿಂತ ದೊಡ್ಡವಳೋ, ಚಿಕ್ಕವಳೋ?

ಅಜ್ಜ ಕಣ್ಣು ತೆರೆದ. ಎಪ್ಪತ್ತು ದಾಟಿದವನು. ಆ ಪ್ರಶ್ನೆಯನ್ನು ಅವನಿಗೆ ಅದುವರೆಗೆ ಯಾರೂ ಕೇಳಿರಲಿಲ್ಲ, ಅವನೂ ಕೇಳಿಕೊಂಡಿರಲಿಲ್ಲ. ಬೆರಳು ಮಡಿಸಿ ಏನನ್ನೋ ಎಣಿಸಿದ.

"ದೊಡ್ಡವಳು," ಎಂದ. "ನನಗಿಂತ ಎರಡು ವರ್ಷ ದೊಡ್ಡವಳು."

ಮೌಶಿ ಬಗ್ಗಿ 'ಅಕ್ಕ' ಎಂದು ಬರೆದರು.